ಬಣ್ಣದ ಪಟ್ಟಿ ಹೇಳುವುದು, ಮೀಟರ್ ಹೇಳುವುದು

ಮಾನ್ಯ ಹಿರಿಯರೇ, ರಿಪೇರಿ ಕೆಲಸದಲ್ಲಿರುವ ಗೆಳೆಯರೇ, ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳೇ,

ವಿದ್ಯುತ್ ಹರಿವಿಗೆ ತಡೆ (ರೋಧ) ಒಡ್ಡುವ ಬಿಡಿಭಾಗವಾದ ರೆಸಿಸ್ಟರಿನ ಮೈಮೇಲಿನ ಬಣ್ಣದ ಪಟ್ಟಿಗಳ ಕೋಷ್ಟಕ ನಿಮಗೆಲ್ಲ ಪರಿಚಿತವೇ ಆದ್ದರಿಂದ ಅದನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಕಪ್ಪು ಸೊನ್ನೆ, ಕಂದು ಒಂದು. ಎರಡರಿಂದ ಏಳರವರೆಗೆ ಕಾಮನಬಿಲ್ಲಿನದೇ ಕ್ರಮ, ಅಂದರೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಬೂದು ಎಂಟು, ಬಿಳಿ ಒಂಬತ್ತು. ಬಣ್ಣಗಳ ಇಂಗ್ಲಿಷ್ ಮೊದಲಕ್ಷರಗಳನ್ನು ನೆನಪಿಡಲು ತರಗತಿಗಳಲ್ಲಿ ಬಾಯಿಪಾಠ ಮಾಡಿಸುವ 'ಬಿ.ಬಿ. ರಾಯ್' ವಾಕ್ಯಕ್ಕಿಂತ ಈ ಕ್ರಮವೇ ನನಗೆ ಹೆಚ್ಚು ಅನುಕೂಲವೆನಿಸಿದೆ. ನಾಲ್ಕು ಪಟ್ಟಿಗಳಿದ್ದರೆ ಮೊದಲೆರಡು ಅಂಕಿಗಳು, ಮೂರನೆಯದು ಅವುಗಳ ಮುಂದೆ ಹಾಕಬೇಕಾದ ಸೊನ್ನೆಗಳ ಎಣಿಕೆ, ನಾಲ್ಕನೆಯದು ಟಾಲರೆನ್ಸ್, ಅಂದರೆ ಎಷ್ಟು ಹೆಚ್ಚುಕಡಿಮೆ ಇರಬಹುದೆಂಬ ಮಿತಿ. ಹಳದಿ, ನೇರಳೆ, ಕೆಂಪು, ಚಿನ್ನ ಎಂದರೆ 4,700 ಓಮ್ (ಓಮ್ ಎಂದರೆ ರೋಧದ ಅಳತೆ); ಚಿನ್ನದ ಪಟ್ಟಿ ಶೇ. 5ರ ವ್ಯತ್ಯಾಸಕ್ಕೆ ಅವಕಾಶ ಕೊಡುವುದರಿಂದ 4,465ರಿಂದ 4,935 ಓಮಿನವರೆಗೆ ಎಷ್ಟಿದ್ದರೂ ಅದು ಸರಿಯಾದ ರೆಸಿಸ್ಟರೇ.

ಹೊಸ ರೆಸಿಸ್ಟರನ್ನು ಓದಲು ಇಷ್ಟು ಸಾಕು. ಆದರೆ ಮಂಗಳೂರು, ಉಡುಪಿಯ ಅಂಗಡಿಗಳಿಗೆ ಬರುವ ಬೋರ್ಡುಗಳು ಹೊಸತಾಗಿರುವುದಿಲ್ಲ. ಪಣಂಬೂರಿನಿಂದ ಮಲ್ಪೆಯವರೆಗಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಗಾಲದ ತೇವ, ಮಳೆಗೆ ಮುಂಚಿನ ಸಿಡಿಲಿನ ಏಟು, ಇವನ್ನೆಲ್ಲ ಉಂಡು ಬಂದ ಟಿವಿ, ಇನ್ವರ್ಟರ್ ಮತ್ತು ತೋಟದ ಪಂಪಿನ ಪ್ಯಾನೆಲ್‌ಗಳಲ್ಲಿ ರೆಸಿಸ್ಟರಿನ ಬಣ್ಣ ಕಾರ್ಖಾನೆಯಲ್ಲಿ ಬಳಿದಂತೆಯೇ ಉಳಿದಿರುತ್ತದೆ ಎಂದು ನಂಬುವಂತಿಲ್ಲ. ಕಾವಿಗೆ ಕೆಂಪು ಕಂದಾಗುತ್ತದೆ, ಕಿತ್ತಳೆ ಕೆಂಪಿನಂತೆ ಕಾಣುತ್ತದೆ, ನೇರಳೆ ಕಪ್ಪಿಗೆ ತಿರುಗುತ್ತದೆ. ಅಗ್ಗದ ಬಿಳಿ ಎಲ್‌ಇಡಿ ದೀಪದ ಕೆಳಗೆ ಈ ಗೊಂದಲ ಹೆಚ್ಚುತ್ತದೆ, ಏಕೆಂದರೆ ಅಂಥ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ. ಅನುಮಾನ ಬಂದಾಗ ಬೋರ್ಡನ್ನು ಹಗಲು ಬೆಳಕಿಗೆ ತಂದು ನೋಡುವುದು ಒಳ್ಳೆಯದು.

ಇಂಥಲ್ಲಿ ನೆರವಿಗೆ ಬರುವುದು ಕೋಷ್ಟಕದಲ್ಲಿ ಕಾಣದ ಇನ್ನೊಂದು ಸಂಗತಿ. ರೆಸಿಸ್ಟರುಗಳನ್ನು ಎಲ್ಲ ಬೆಲೆಗಳಲ್ಲೂ ತಯಾರಿಸುವುದಿಲ್ಲ (ಬೆಲೆ ಎಂದರೆ ಇಲ್ಲಿ ಹಣವಲ್ಲ, ಓಮಿನ ಎಣಿಕೆ). ಶೇ. 5ರ ರೆಸಿಸ್ಟರುಗಳು ಇ24 ಎಂಬ ಸರಣಿಗೆ ಸೇರಿದವು. ಅದರಲ್ಲಿ ಹತ್ತರಿಂದ ನೂರರ ನಡುವೆ ಬರುವುದು 24 ಬೆಲೆಗಳು ಮಾತ್ರ. ನಾಲ್ಕರಿಂದ ಆರಂಭವಾಗುವವು 43 ಮತ್ತು 47 ಎರಡೇ. ಆದ್ದರಿಂದ ಚಿನ್ನದ ಪಟ್ಟಿಯಿರುವ ರೆಸಿಸ್ಟರಿನಲ್ಲಿ ಹಳದಿಯ ಪಕ್ಕದ ಪಟ್ಟಿ ನಿಮ್ಮ ಕಣ್ಣಿಗೆ ನೀಲಿಯಾಗಿ ಕಂಡರೆ ಅದು 46 ಆಗಿರಲಾರದು. ಮಸುಕಾದ ನೇರಳೆ ಎಂದೇ ತಿಳಿಯಬೇಕು. ಬೂದು ಮೊದಲಿಗಿದ್ದರೆ ಮುಂದಿನದು ಕೆಂಪು, ಏಕೆಂದರೆ ಎಂಟರಲ್ಲಿರುವುದು 82 ಒಂದೇ. ಏಳರಲ್ಲಿ 75, ಒಂಬತ್ತರಲ್ಲಿ 91, ಐದರಲ್ಲಿ 51 ಮತ್ತು 56, ಆರರಲ್ಲಿ 62 ಮತ್ತು 68. ಕಂದು ಬಣ್ಣದ ನಂತರವೇ ಹೆಚ್ಚು ಆಯ್ಕೆಗಳಿವೆ: 10, 11, 12, 13, 15, 16, 18. ಈ ಸರಣಿ ಬಾಯಿಗೆ ಬಂದವನಿಗೆ ಅರ್ಧ ಅಳಿಸಿದ ಪಟ್ಟಿಯೂ ಓದಲು ಸಿಗುತ್ತದೆ. ವಿದ್ಯಾರ್ಥಿಗಳಿಗೆ ಬಣ್ಣಗಳ ಜೊತೆಗೇ ಇದನ್ನೂ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಐದು ಪಟ್ಟಿಗಳ ನೀಲಿ ಮೈಯ ಮೆಟಲ್ ಫಿಲ್ಮ್ ರೆಸಿಸ್ಟರುಗಳಲ್ಲಿ ತೊಡಕು ಬೇರೆ. ಅಲ್ಲಿ ಮೂರು ಅಂಕಿಗಳು, ಬೆಲೆಗಳೂ ಹೆಚ್ಚು; ಮೇಲಿನ ಪರೀಕ್ಷೆ ಅಷ್ಟಾಗಿ ನಡೆಯುವುದಿಲ್ಲ. ಶೇ. 1ರ ಟಾಲರೆನ್ಸಿಗೂ ಕಂದು ಬಣ್ಣವೇ ಇರುವುದರಿಂದ ಯಾವ ತುದಿಯಿಂದ ಓದಬೇಕೆಂಬುದೇ ಸಮಸ್ಯೆಯಾಗುತ್ತದೆ. ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಎಂದು ಓದಿದರೆ 10 ಕಿಲೋ ಓಮ್. ಅದನ್ನೇ ತಿರುಗಿಸಿ ಓದಿದರೆ 120 ಓಮ್. ಎರಡೂ ಮಾರುಕಟ್ಟೆಯಲ್ಲಿ ದೊರೆಯುವ ಬೆಲೆಗಳೇ. ಟಾಲರೆನ್ಸ್ ಪಟ್ಟಿ ತುಸು ದೂರದಲ್ಲಿರಬೇಕೆಂಬ ರೂಢಿಯಿದ್ದರೂ ಚಿಕ್ಕ ರೆಸಿಸ್ಟರುಗಳಲ್ಲಿ ಆ ಅಂತರ ಕಣ್ಣಿಗೆ ಹತ್ತುವುದಿಲ್ಲ. ಇಲ್ಲಿ ರೋಧ ಅಳೆಯುವ ಮೀಟರಿಗೇ ಮೊರೆಹೋಗಬೇಕು.

ಮೀಟರ್ ಇಡುವ ಮೊದಲು ವಿದ್ಯುತ್ ಸಂಪರ್ಕ ತೆಗೆದು, ವಿದ್ಯುತ್ತನ್ನು ಹಿಡಿದಿಡುವ ದೊಡ್ಡ ಕೆಪಾಸಿಟರನ್ನು ಖಾಲಿ ಮಾಡಿರಬೇಕು. 230 ವೋಲ್ಟಿನ ಪೂರೈಕೆಯ ಗರಿಷ್ಠ ಮಟ್ಟಕ್ಕೆ ತುಂಬುವುದರಿಂದ ಅದರಲ್ಲಿ 325 ವೋಲ್ಟಿನಷ್ಟು ನಿಂತಿರುತ್ತದೆ. ಬೋರ್ಡಿನಲ್ಲಿರುವಂತೆಯೇ ಅಳೆದಾಗ ವಿದ್ಯುತ್ ಹರಿಯುವ ಪಕ್ಕದ ದಾರಿಗಳೂ ಸೇರಿ ಬೆಲೆ ಕಡಿಮೆ ಕಾಣಬಹುದು; ಅಷ್ಟಕ್ಕೇ ರೆಸಿಸ್ಟರನ್ನು ದೂರುವಂತಿಲ್ಲ, ಒಂದು ಕಾಲನ್ನು ಬಿಡಿಸಿ ಅಳೆಯಬೇಕು. ಆದರೆ ಓದು ಸ್ಥಿರವಾಗಿ ನಿಂತ ಮೇಲೂ ಪಟ್ಟಿ ಹೇಳುವ ಮಿತಿಗಿಂತ ಹೆಚ್ಚು ತೋರಿಸಿದರೆ ರೆಸಿಸ್ಟರ್ ಕೆಟ್ಟಿದೆಯೆಂದೇ ಅರ್ಥ, ಏಕೆಂದರೆ ಜೊತೆಗಿರುವ ದಾರಿಗಳು ರೋಧವನ್ನು ಇಳಿಸಬಲ್ಲವೇ ಹೊರತು ಏರಿಸಲಾರವು. ಹಳೆಯ ರೆಸಿಸ್ಟರುಗಳು ಸಾಮಾನ್ಯವಾಗಿ ಕೆಡುವುದೂ ಈ ದಿಕ್ಕಿನಲ್ಲೇ.

ಪೂರ್ತಿ ಸುಟ್ಟು ಪಟ್ಟಿಯೇ ಉಳಿಯದಿದ್ದರೆ, ಸ್ಟೀರಿಯೋ ಆಂಪ್ಲಿಫೈಯರಿನಲ್ಲಿ ಇನ್ನೊಂದು ಚಾನೆಲ್ಲಿನ ಅದೇ ಜಾಗದ ರೆಸಿಸ್ಟರನ್ನು ನೋಡಬಹುದು. ಒಂದೇ ಕಡೆ ಸುಟ್ಟಿದ್ದರೆ ಮೇಲಿನ ಬಣ್ಣ ಕೆರೆದು, ಎರಡೂ ತುದಿಗಳಿಂದ ಸುಟ್ಟ ಜಾಗದವರೆಗೆ ಅಳೆದು ಕೂಡಿಸಿದರೆ ಅಂದಾಜು ಬೆಲೆ ಸಿಗುತ್ತದೆ. ನಿಜವಾದ ಬೆಲೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಸುಟ್ಟ ರೆಸಿಸ್ಟರ್ ಹೆಚ್ಚಾಗಿ ಇನ್ನೊಬ್ಬರ ತಪ್ಪಿಗೆ ಬಲಿಯಾದದ್ದು. ಅದರ ಮುಂದಿನ ಟ್ರಾನ್ಸಿಸ್ಟರನ್ನೋ ಡಯೋಡನ್ನೋ ನೋಡದೆ ಹೊಸದನ್ನು ಹಾಕಿದರೆ ಅದೂ ಸುಡುತ್ತದೆ.

ಬದಲಿ ಹಾಕುವಾಗ ಪಟ್ಟಿಯಲ್ಲಿ ಬರೆಯದ ಎರಡು ಮಿತಿಗಳನ್ನು, ಅಂದರೆ ವ್ಯಾಟ್ ಮತ್ತು ವೋಲ್ಟೇಜನ್ನು ಗಮನಿಸಬೇಕು. ಪವರ್ ಸಪ್ಲೈ ಆರಂಭವಾಗಲು ನೆರವಾಗುವ 470 ಕಿಲೋ ಓಮಿನ ರೆಸಿಸ್ಟರಿನ ಮೇಲೆ 325 ವೋಲ್ಟ್ ಬಿದ್ದರೆ ಅದು ಸುಮಾರು 0.22 ವ್ಯಾಟ್ ಶಾಖ ಕಾರುತ್ತದೆ. ಕಾಲು ವ್ಯಾಟಿನದಕ್ಕೆ ಅದು ಅಂಚಿನ ಕೆಲಸ. ಮೇಲಾಗಿ ಸಾಮಾನ್ಯ ಕಾಲು ವ್ಯಾಟ್ ಕಾರ್ಬನ್ ಫಿಲ್ಮ್ ರೆಸಿಸ್ಟರ್ ತಾಳಬಲ್ಲ ವೋಲ್ಟೇಜು ಹೆಚ್ಚಾಗಿ 250ರ ಆಸುಪಾಸಿನದು. ಅರ್ಧ ವ್ಯಾಟಿನದನ್ನು, ಇಲ್ಲವೇ ಒಟ್ಟು ರೋಧ ಅಷ್ಟೇ ಆಗುವಂತೆ ಎರಡನ್ನು ಒಂದರ ಹಿಂದೊಂದು ಹಾಕುವುದು ಕ್ಷೇಮ. ಇನ್‌ಪುಟ್ಟಿನಲ್ಲಿರುವ, ಫ್ಯೂಸಿನಂತೆ ಕಡಿದುಹೋಗುವ ಫ್ಯೂಸಿಬಲ್ ರೆಸಿಸ್ಟರಿನ ಜಾಗಕ್ಕೆ ಮಾತ್ರ ಅದೇ ಬಗೆಯದನ್ನೇ ಹಾಕಬೇಕು. ಅಲ್ಲಿ ದಪ್ಪನೆಯ ಸಾಮಾನ್ಯ ರೆಸಿಸ್ಟರ್ ಕೂರಿಸಿದರೆ, ಮುಂದಿನ ಸಿಡಿಲಿಗೆ ಅದು ಕಡಿದುಹೋಗುವ ಬದಲು ಬೋರ್ಡು ಹೊತ್ತಿಕೊಳ್ಳಬಹುದು.