ಅತ್ತೆ, ಮಗಳು ಮತ್ತು ಕವಲೇದುರ್ಗದ ಏರು

ತೀರ್ಥಹಳ್ಳಿಯಿಂದ ಕವಲೇದುರ್ಗದ ಕೋಟೆಬೆಟ್ಟಕ್ಕೆ ಸುಮಾರು 18 ಕಿಲೋಮೀಟರ್. ಕಾರು ಬೆಟ್ಟದ ಕೆಳಗಿನ ಊರಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಮುಂದೆ ಗದ್ದೆಯಂಚಿನ ದಾರಿ. ಡಿಸೆಂಬರಿನ ಬೆಳಿಗ್ಗೆ, ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಮುಂದೆ ಓಡುತ್ತಿರುವವಳು ನನ್ನ ಮಗಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಧಾನವಾಗಿ ಬರುತ್ತಿರುವವರು ನಮ್ಮ ಅತ್ತೆ. ಅವರಿಗೆ ಒಂದು ಮೊಣಕಾಲು ನೋವು.

ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕರೆದುಕೊಂಡು ಮಲೆನಾಡಿನಲ್ಲಿ ಯಾವ ಬೆಟ್ಟ ಹತ್ತಬಹುದು ಎಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಕವಲೇದುರ್ಗ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಸೊಬಗೇ ಬೇರೆ, ಆದರೆ ಆ ಕಾಡಿನ ಏರು ಪುಟ್ಟ ಕಾಲುಗಳಿಗೆ ದೂರವಾಯಿತು. ಇಲ್ಲಿ ದಾರಿಗೆ ಚಪ್ಪಡಿ ಕಲ್ಲು ಹಾಸಿದೆ, ಮೇಲೆ ಮರದ ನೆರಳಿದೆ, ಉಸಿರು ಸಾಲದಾಯಿತು ಎನ್ನುವ ಹೊತ್ತಿಗೆ ಸರಿಯಾಗಿ ಒಂದು ಹೆಬ್ಬಾಗಿಲು ಎದುರಾಗುತ್ತದೆ.

ಇದೇ ನೋಡಿ, ಮೊದಲನೆಯದು. ಒಳಗೆ ಎರಡೂ ಕಡೆ ಕಾವಲುಗಾರರು ಕೂರುತ್ತಿದ್ದ ಜಗಲಿ. ಅತ್ತೆ ಅಲ್ಲಿ ಕಾಲು ಚಾಚಿ ಕುಳಿತರು. ಮಗಳು ಗೋಡೆಯ ಕಲ್ಲುಗಳ ಸಂದಿಗೆ ಬೆರಳು ತೂರಿಸಲು ನೋಡುತ್ತಿದ್ದಾಳೆ. ಬೆರಳು ಹೋಗುವುದಿಲ್ಲ, ಉಗುರಿಗೆ ಒಣಗಿದ ಪಾಚಿ ಮಾತ್ರ ಅಂಟುತ್ತದೆ. ಕೆಳದಿಯ ವೆಂಕಟಪ್ಪ ನಾಯಕ ಭದ್ರಪಡಿಸಿದ ಕೋಟೆಯಿದು. ಶತ್ರುವನ್ನು ತಡೆದು ನಿಲ್ಲಿಸಲು ಕಟ್ಟಿದ ಬಾಗಿಲುಗಳು ಇಂದು ನಮ್ಮಂಥ ಸಂಸಾರಕ್ಕೆ ವಿಶ್ರಾಂತಿಯ ತಾಣಗಳಾಗಿವೆ. ಆತುರ ಬೇಡ. ಚುರುಕಾಗಿ ನಡೆಯುವವರು ಒಂದು ಗಂಟೆಯೊಳಗೆ ಹತ್ತುವ ಬೆಟ್ಟಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಮುಂದೆ ಓಡುವವರಲ್ಲ, ಹಿಂದೆ ಉಳಿಯುವವರು ನಡಿಗೆಯ ವೇಗ ಗೊತ್ತುಮಾಡಲಿ.

ಅರಮನೆಯಲ್ಲಿ ಈಗ ಉಳಿದಿರುವುದು ತಳಪಾಯ, ಮೆಟ್ಟಿಲು, ಕಂಬದ ಬುಡಗಳು. ಅತ್ತೆಯವರ ಕಣ್ಣು ಮಾತ್ರ ಅಡುಗೆಮನೆಯ ಕಲ್ಲಿನ ಒಲೆಯ ಮೇಲೆ. ಒಂದೇ ಒಲೆಗೆ ಐದು ಉರಿ! “ಇಷ್ಟಕ್ಕೂ ಕಟ್ಟಿಗೆ ಒಟ್ಟುತ್ತಿದ್ದವರು ಯಾರೋ, ಪಾಪ” ಎಂದರು. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದದ್ದು, ಕೆಳದಿಯ ಆಳ್ವಿಕೆ ಮುಗಿದದ್ದು ನನಗೆ ಪಾಠದಲ್ಲಿ ಓದಿದ ನೆನಪು. ಅವರ ಆ ಒಂದು ಮಾತಿನಿಂದ ಈ ಮನೆಯಲ್ಲಿ ಜನ ಬದುಕಿದ್ದರು ಎಂಬುದು ನನಗೆ ನಾಟಿತು.

ಶ್ರೀಕಂಠೇಶ್ವರ ದೇವಸ್ಥಾನದ ಅಂಗಳಕ್ಕೆ ಬಂದರೆ ಸಹ್ಯಾದ್ರಿಯ ಸಾಲು ಕಣ್ಣೆದುರಿಗೇ ಇರುತ್ತದೆ. ನೋಟಕ್ಕಾಗಿ ತುತ್ತತುದಿಗೇ ಹೋಗಬೇಕೆಂದಿಲ್ಲ. ಅತ್ತೆ ಅಲ್ಲೇ ಉಳಿದು ಚಿತ್ರಾನ್ನದ ಬುತ್ತಿ ಬಿಚ್ಚಿದರು. ನಾನೂ ಮಗಳೂ ಬಂಡೆ ಹತ್ತಿ ವಾರಾಹಿ ಹಿನ್ನೀರನ್ನು ನೋಡಿ ಬಂದೆವು. ಬಂಡೆಯ ಅಂಚಿಗೆ ಕಟಾಂಜನವಿಲ್ಲ, ಮಕ್ಕಳ ಕೈ ಬಿಡಬೇಡಿ.

ಮಳೆಗಾಲದಲ್ಲಿ ಈ ಚಪ್ಪಡಿಗಳ ಮೇಲೆ ಪಾಚಿ ಕಟ್ಟುತ್ತದೆ, ಉಂಬಳದ (ಜಿಗಣೆಯ) ಕಾಟವೂ ಇರುತ್ತದೆ. ಮನೆಮಂದಿಯೊಂದಿಗೆ ಬರುವವರಿಗೆ ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗುಗಳೇ ಒಳ್ಳೆಯವು. ನೀರು ಕೆಳಗಿನಿಂದಲೇ ಹೊತ್ತು ತನ್ನಿ, ಬುತ್ತಿಯ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಿರಿ. ಮೊಣಕಾಲು ನೋಯುವುದು ಹತ್ತುವಾಗಲ್ಲ, ಇಳಿಯುವಾಗ. ಹಿರಿಯರ ಕೈಗೊಂದು ಕೋಲು ಇರಲಿ.

ಇಷ್ಟು ನಡೆಯುವುದೂ ಕಷ್ಟ ಎನ್ನುವವರು ಮನೆಯಲ್ಲಿದ್ದರೆ ಆಗುಂಬೆ ಕಡೆಯ ಕುಂದಾದ್ರಿ ಇದೆ. ರಸ್ತೆ ಬಹುತೇಕ ಮೇಲಿನವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಮೇಲೆ ಪಾರ್ಶ್ವನಾಥ ಬಸದಿ, ಬಂಡೆಯ ಮೇಲೊಂದು ಕೊಳ, ಸುತ್ತಲೂ ಕಾಡು. ಅತ್ತೆ ಅದನ್ನೂ ನೋಡಬೇಕೆಂದಿದ್ದಾರೆ. ಮುಂದಿನ ಭಾನುವಾರ ಅಲ್ಲಿಗೆ ಹೊರಡುತ್ತೇವೆ.