ಕಾಲಿನ ಜೋಮು ಮತ್ತು ಗಿಡದ ಸಾರ

ಕೇಳುಗರೇ, ನಮಸ್ಕಾರ.

ಹಸಿಮೆಣಸಿನಕಾಯಿ ಹೆಚ್ಚಿದ ಕೈಯಿಂದ ಮರೆತು ಕಣ್ಣು ಒರೆಸಿಕೊಂಡಿದ್ದೀರಾ? ಬೆಂಕಿ ಬಿದ್ದ ಹಾಗೆ ಉರಿಯುತ್ತದೆ, ಅಲ್ವಾ? ಅಲ್ಲಿ ಬೆಂಕಿ ಇರುವುದಿಲ್ಲ. ಚರ್ಮವೂ ಸುಟ್ಟಿರುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ನರದ ತುದಿಯಲ್ಲಿರುವ ಒಂದು ಪುಟ್ಟ ಬಾಗಿಲನ್ನು ತೆರೆದಿರುತ್ತದೆ, ಅಷ್ಟೇ. ಸುಡುವ ಬಿಸಿ ತಾಗಿದಾಗ ತೆರೆಯುವುದೂ ಅದೇ ಬಾಗಿಲು. ಹಾಗಾಗಿ ಮಿದುಳಿಗೆ ಎರಡೂ ಒಂದೇ ಸುದ್ದಿ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಬಾಗಿಲಿನ ಗುಟ್ಟನ್ನು 1997ರಲ್ಲಿ ಹೊರಗೆಡವಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು.

ಗಿಡದ ಸಾರ ನರವನ್ನು ಮುಟ್ಟಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ. ಮುಟ್ಟಿ ಕಾಪಾಡುತ್ತದೆಯೇ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ನರ ಹೇಗೆ ಹಾಳಾಗುತ್ತದೆ ನೋಡೋಣ. ಬೆನ್ನಿನ ಕೆಳಭಾಗದಿಂದ ಕಾಲ್ಬೆರಳಿನ ತುದಿಯವರೆಗೆ ಒಂದೇ ಕೋಶದ ಎಳೆ ಹೋಗಿರುತ್ತದೆ. ಉದ್ದ ಹೆಚ್ಚುಕಡಿಮೆ 1 ಮೀಟರ್. ಕೂದಲಿಗಿಂತ ಸಣ್ಣ ರಕ್ತನಾಳಗಳು ಅದನ್ನು ಸಾಕುತ್ತವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಆ ನಾಳಗಳೂ ಕೆಡುತ್ತವೆ, ಎಳೆಯೂ ಸೊರಗುತ್ತದೆ. ಎಲ್ಲಕ್ಕಿಂತ ಉದ್ದದ ಎಳೆಗೇ ಮೊದಲ ಪೆಟ್ಟು. ಅದಕ್ಕೇ ಜೋಮು, ಉರಿ, ಸೂಜಿ ಚುಚ್ಚಿದಂತಾಗುವುದು ಕಾಲ್ಬೆರಳಿನಿಂದ ಶುರುವಾಗುತ್ತದೆ. ಕೈಕಾಲಿನ ನರ ಮತ್ತೆ ಚಿಗುರಿದರೂ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಇದರ ಜೊತೆಗೆ ಉರಿಯೂತ ಬೇರೆ, ಅಂದರೆ ಪೆಟ್ಟಾದ ಜಾಗ ಕೆಂಪಾಗಿ ಊದಿಕೊಳ್ಳುವುದು. ಗಾಯ ಮಾಯಲು ಉರಿಯೂತ ಬೇಕು. ಮುಗಿಯಬೇಕಾದಾಗ ಮುಗಿಯದೆ ಉಳಿದರೆ ಅದೇ ನರವನ್ನು ಕೆಣಕುತ್ತಿರುತ್ತದೆ.

ಈಗ ಅರಿಶಿನಕ್ಕೆ ಬರೋಣ. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಉರಿಯೂತ ಹೆಚ್ಚಿಸುವ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನನ್ನು ತಡೆದು ಹಿಡಿಯುತ್ತದೆ. ಇಲಿಗಳ ನರನೋವನ್ನೂ ತಗ್ಗಿಸಿದೆ. ಆದರೆ ತಟ್ಟೆಯಲ್ಲಿ ಅದನ್ನು ಕೋಶದ ಮೇಲೇ ಸುರಿಯುತ್ತಾರೆ. ನಾವು ನುಂಗುತ್ತೇವೆ. ನುಂಗಿದ್ದು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಕರಗಿದಷ್ಟನ್ನೂ ಕರುಳು ಮತ್ತು ಯಕೃತ್ತು ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಕಳಿಸುತ್ತವೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಕಾಳುಮೆಣಸಿನ ಪೈಪರೀನ್ ಬರೀ 20 ಮಿಲಿಗ್ರಾಂ ಸೇರಿಸಿದಾಗ ಅದು ಸುಮಾರು 20 ಪಟ್ಟು ಏರಿತು.

ಇದನ್ನು ಕೇಳಿದ ಕೂಡಲೇ ಖುಷಿಯಾಗುತ್ತದೆ. ನನಗೂ ಆಗಿತ್ತು. ಆದರೆ ಪೈಪರೀನ್ ಮಾಡುವುದೇನು? ಯಕೃತ್ತು ಔಷಧಗಳನ್ನು ಹೊರಹಾಕುವ ಕೆಲಸವನ್ನೇ ನಿಧಾನ ಮಾಡುತ್ತದೆ. ನೀವು ತೆಗೆದುಕೊಳ್ಳುವ ಬೇರೆ ಕೆಲವು ಮಾತ್ರೆಗಳೂ ಆಗ ರಕ್ತದಲ್ಲಿ ಏರಬಹುದು. ಚೆನ್ನಾಗಿ ಹೀರುವಂತೆ ತಯಾರಿಸಿದ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೇ ಪೆಟ್ಟಾದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

"ಗಿಡದ್ದು ತಾನೇ, ಏನೂ ಆಗಲ್ಲ" ಎನ್ನುವವರಿಗೆ ಕಾಶಿಕಣಗಿಲೆಯ ಕಥೆ ಹೇಳಬೇಕು. ಆ ಗುಲಾಬಿ ಬಣ್ಣದ ಹೂವಿನ ಗಿಡದಿಂದ ವಿಂಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಬರುತ್ತದೆ. ರಕ್ತದ ಕ್ಯಾನ್ಸರ್ ಬಂದ ಎಷ್ಟೋ ಮಕ್ಕಳನ್ನು ಅದು ಉಳಿಸಿದೆ. ಕೋಶದೊಳಗೆ ರೈಲು ಕಂಬಿಗಳಂತಿರುವ ಸಣ್ಣ ಕೊಳವೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ, ಕ್ಯಾನ್ಸರ್ ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. ಆದರೆ ನಮ್ಮ 1 ಮೀಟರ್ ಉದ್ದದ ನರ ತನ್ನ ಸಾಮಾನು ಸಾಗಿಸುವುದೂ ಅಂಥದೇ ಕಂಬಿಗಳ ಮೇಲೆ. ಕಂಬಿ ಕಿತ್ತರೆ ತುದಿಗೆ ಏನೂ ತಲುಪುವುದಿಲ್ಲ. ಜೀವ ಉಳಿಸುವ ಗಿಡದ ಔಷಧವೇ ಬೆರಳುಗಳಿಗೆ ಜೋಮು ತರುತ್ತದೆ.

ಹಾಗಾದರೆ ನರನೋವಿಗೆ ಗಿಡದಿಂದ ಬಂದು ಗೆದ್ದದ್ದು ಯಾವುದೂ ಇಲ್ಲವೇ? ಇದೆ. ಮತ್ತೆ ಮೆಣಸಿನಕಾಯಿಯೇ! 8 ಶೇಕಡಾ ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ವೈದ್ಯರು ಪಾದಕ್ಕೆ 30 ನಿಮಿಷ ಅಂಟಿಸುತ್ತಾರೆ. ಬಾಗಿಲು ಒಂದೇ ಸಮನೆ ತೆರೆದೇ ಇದ್ದು, ನರದ ತುದಿ ಸೋತು ಹಿಂದೆ ಸರಿಯುತ್ತದೆ. ಕೆಲವರಿಗೆ ಸುಮಾರು 3 ತಿಂಗಳು ಉರಿ ತಗ್ಗುತ್ತದೆ. ನರವನ್ನು ಇದು ರಿಪೇರಿ ಮಾಡುವುದಿಲ್ಲ, ಸುಮ್ಮನಿರಿಸುತ್ತದೆ. ಉರಿಯಿಂದ ರಾತ್ರಿ ನಿದ್ದೆಯೇ ಬಾರದವರಿಗೆ ಅದೂ ದೊಡ್ಡದೇ. ಆದರೆ ಮನೆಯಲ್ಲಿ ಸುಮ್ನೆ ಮೆಣಸಿನಕಾಯಿ ಅರೆದು ಹಚ್ಚಬೇಡಿ, ಚರ್ಮ ಗಾಯವಾಗುತ್ತದೆ.

ನನ್ನ ಚಿಂತೆ ಪುಡಿ, ಕಷಾಯದ್ದಲ್ಲ. ಅವನ್ನು ನಂಬಿ ಕಳೆಯುವ ತಿಂಗಳುಗಳದ್ದು. ಜೋಮಿಗೆ ಕಾರಣ ಬಿ12 ವಿಟಮಿನ್ ಕೊರತೆಯಾಗಿದ್ದರೆ ಬೇಗ ಗೊತ್ತಾದಷ್ಟೂ ನರ ಉಳಿಯುತ್ತದೆ. ಸಕ್ಕರೆ ಕಾಯಿಲೆಯಾಗಿದ್ದರೆ ಸಕ್ಕರೆಯನ್ನು ಹತೋಟಿಗೆ ತರಬೇಕು. ವೈದ್ಯರ ಹತ್ತಿರ ಹೋಗುವಾಗ ನೀವು ತೆಗೆದುಕೊಳ್ಳುವ ಪುಡಿ, ಮಾತ್ರೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಪಾದ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ. ಅವರು ಸಣ್ಣ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತುತ್ತಾರೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಕೊಂಡು, ತಾಗಿದಾಗೆಲ್ಲ "ಹ್ಞೂಂ" ಎನ್ನಿ. ಎಲ್ಲಿ ನೀವು ಸುಮ್ಮನಿದ್ದಿರೋ ಆ ಜಾಗವನ್ನು ಅವರು ಬರೆದುಕೊಳ್ಳುತ್ತಾರೆ.

ನಮಸ್ಕಾರ.