ಹೊತ್ತು ಮುಳುಗುವ ಮುನ್ನ

ಕೇಳುಗರಿಗೆ ನಮಸ್ಕಾರ. ಬಿಡುವಿಲ್ಲದೆ ಓದಿಸಿಕೊಳ್ಳುವ ಪತ್ತೇದಾರಿ ಕಾದಂಬರಿ ಎಂದೊಡನೆ ಬೆನ್ನಟ್ಟುವ ಜೀಪು, ಹಾರುವ ಗುಂಡು ನೆನಪಾಗುತ್ತವೆ. ರಾಯಚೂರಿನ ಹಿನ್ನೆಲೆಯಲ್ಲಿ, ಮಹಿಳಾ ಇನ್‌ಸ್ಪೆಕ್ಟರ್ ಒಬ್ಬರನ್ನು ನಾಯಕಿಯಾಗಿಟ್ಟುಕೊಂಡು ಅಂಥದೊಂದು ಕಾದಂಬರಿ ಬರೆಯಲು ಕುಳಿತಾಗ, ವೇಗವನ್ನು ಗಡುವಿನಲ್ಲಿ ಹುಡುಕಬೇಕೆಂಬುದು ನನಗೆ ಮನವರಿಕೆಯಾಯಿತು.

ಮೇ ತಿಂಗಳು, ಬೇಸಿಗೆ ಬೆಳೆಯ ಭತ್ತ ಗಂಜ್ ಮಾರುಕಟ್ಟೆಗೆ ಬರುತ್ತಿರುವ ಕಾಲ. ಅಡತಿ ಅಂಗಡಿಯ ಒಳಕೋಣೆಯಲ್ಲಿ ಮಾಲೀಕ ಸತ್ತು ಬಿದ್ದಿದ್ದಾನೆ. ಸಾಮಾನ್ಯವಾಗಿ ಸಾವಿನ ನಂತರ 2ರಿಂದ 4 ಗಂಟೆಯೊಳಗೆ ದೇಹ ಸೆಟೆಯತೊಡಗುತ್ತದೆ. ಆದರೆ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಆ ಸೆಟೆತ ಬೇಗ ಬಂದು ಬೇಗ ಇಳಿಯುವುದರಿಂದ, ಸಾವಿನ ಹೊತ್ತನ್ನು ವೈದ್ಯರು ಖಚಿತವಾಗಿ ಹೇಳಲಾರರು.

ಮೇಜಿನ ಮೇಲೆ ಬುತ್ತಿಯ ಗಂಟೊಂದಿದೆ. ಬೆಳಿಗ್ಗೆ ಎಂಟಕ್ಕೇ ಕಟ್ಟಿ ಕಳಿಸಿದೆನೆಂದು ಸತ್ತವನ ಅತ್ತಿಗೆ ಹೇಳಿದ್ದಾಳೆ. ಪಂಚನಾಮೆಯಲ್ಲಿ ‘ಬುತ್ತಿ ಒಂದು’ ಎಂದಷ್ಟೇ ಬರೆದಿದ್ದಾರೆ. ಇನ್‌ಸ್ಪೆಕ್ಟರ್ ಗಂಟು ಬಿಚ್ಚಿಸಿ, ಮೇಲಿನ ಜೋಳದ ರೊಟ್ಟಿಯ ಅಂಚನ್ನು ಕೈಗವಸಿನ ಬೆರಳಿನಿಂದ ಮಡಿಸುತ್ತಾರೆ. ಅದು ಮುರಿಯದೆ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಎಂಟಕ್ಕೆ ಬಡಿದ ರೊಟ್ಟಿ ಈ ಒಣಹವೆಯಲ್ಲಿ ಸಂಜೆ ಐದರ ಹೊತ್ತಿಗೆ ಬಿರುಸಾಗಿರಬೇಕಿತ್ತು. ಹೆಂಗಸಾದ್ದರಿಂದ ಹೊಳೆಯಿತೆಂದು ಕೆಲವರು ಇದನ್ನು ಹಗುರಾಗಿ ಕಾಣಬಹುದು. ರೊಟ್ಟಿ ತಿಂದು ಬೆಳೆದ ಆ ಪಂಚರಿಗೂ ಇದು ಗೊತ್ತಿದ್ದದ್ದೇ. ಮುಟ್ಟಿ ನೋಡುವ ಗೋಜಿಗೆ ಅವರು ಹೋಗಲಿಲ್ಲ, ಅಷ್ಟೆ.

ಗಡುವು ಶುರುವಾಗುವುದು ಇಲ್ಲಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನಂತೆ, ಅಸಾಧಾರಣ ಸಂದರ್ಭವನ್ನುಳಿದು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭ ಒದಗಿದರೂ ಮಹಿಳಾ ಪೊಲೀಸ್ ಅಧಿಕಾರಿಯೇ ಲಿಖಿತ ವರದಿ ಸಲ್ಲಿಸಿ, ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಬಂಧಿಸಿದರೆ, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕೈಯಲ್ಲಿರುವುದು ಒಂದು ರೊಟ್ಟಿ ಮಾತ್ರ. ಅದನ್ನು ನಂಬಿ ಈಗಲೇ ಬಂಧಿಸುವುದೋ, ಬೆಳಗಿನವರೆಗೆ ಕಾಯುವುದೋ?

ಆ ಮೇ ತಿಂಗಳ ಸಂಜೆ ಸೂರ್ಯ ಮುಳುಗುವುದು ಆರೂ ನಲವತ್ತರ ಸುಮಾರಿಗೆ. ನಾಯಕಿಯ ಕೈಗಡಿಯಾರದಲ್ಲಿ ಈಗ ಐದೂ ನಲವತ್ತು. ಅತ್ತಿಗೆ ಸ್ಟೇಷನ್ನಿನಲ್ಲಿ ಗುಂತಕಲ್ ಕಡೆಯ ರೈಲಿಗೆ ಕಾಯುತ್ತಿದ್ದಾಳೆ. ಆ ಒಂದು ಗಂಟೆಗೆ ನಾನು ಎಪ್ಪತ್ತು ಪುಟಗಳನ್ನು ಕೊಟ್ಟಿದ್ದೇನೆ. ಅಷ್ಟೂ ಪುಟಗಳಲ್ಲಿ ಜೀಪು ಭತ್ತದ ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತೇ ಇದೆ. ನಮಸ್ಕಾರ.